ಅಡುಗೆಮನೆಯ ಕರಡಿ

ಜನವರಿ ಮುಗಿಯುತ್ತ ಬಂದಿತ್ತು. ಎರಡು ದಿನದಿಂದ ಬಡಗಣ ಗಾಳಿ ಬಿಡದೆ ಬೀಸಿ, ಗಲ್ಫಿನ ದ್ವೀಪವೊಂದರ ಊರು ರಿಫಾದ ಮನೆಗಳ ಕಿಟಕಿ ಸಂದಿಗಳಲ್ಲೆಲ್ಲ ಹಿಟ್ಟಿನಂಥ ಧೂಳು ಕೂತಿತ್ತು. ಬ್ಯಾಪ್ಟಿಸ್ಟ್ ಮಾಸ್ಟ್ರು ಬೆಳಿಗ್ಗೆ ಎದ್ದವರೇ ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. ಊರಿನಲ್ಲಿ, ಶಿರ್ವದ ಹತ್ತಿರದ ಮನೆಯಲ್ಲಾದರೆ ಈ ಹೊತ್ತಿಗೆ ಹೆಂಡತಿಯ ಜೊತೆ ಮಲ್ಲಿಗೆ ಮೊಗ್ಗು ಕೊಯ್ಯಬೇಕು, ಆಮೇಲೆ ಉದ್ದಿನ ಗದ್ದೆಗೆ ಒಂದು ಸುತ್ತು ಹೋಗಿ ಹೂವಿಗೆ ಹುಳ ಬಿದ್ದಿದೆಯೋ ನೋಡಬೇಕು. ಇಲ್ಲಿ ಮೂರನೇ ಮಾಳಿಗೆಯಲ್ಲಿ ಕೂತವರಿಗೆ ಗಿಡವೂ ಇಲ್ಲ, ಹುಳವೂ ಇಲ್ಲ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಮಾಸ್ಟ್ರೇ, ನೀವು ನೆಂಟರು. ನೀವು ಕಿಟಕಿ ಒರೆಸಿದ್ದು ಊರಿನಲ್ಲಿ ಗೊತ್ತಾದ್ರೆ ನನ್ನ ಮರ್ಯಾದೆ ಹೋಯ್ತು," ಕಾವಲಿಗೆ ದೋಸೆ ಹಿಟ್ಟು ಹೊಯ್ಯುತ್ತ ಆಶಾಲತಾ ಹೇಳಿದಳು.

"ಮೂವತ್ನಾಲ್ಕು ವರ್ಷ ಬೋರ್ಡು ಒರೆಸಿದ ಕೈ ಇದು ಮಗಾ. ಇದಕ್ಕೆ ಬೇರೆ ಎಂತ ಗೊತ್ತುಂಟು?"

ಅವಳ ಗಂಡ ವಸಂತಕುಮಾರ ಆ ಕೈಯಲ್ಲೇ ಅಕ್ಷರ ಕಲಿತವನು. ಈಗ ಹಿದ್ ಬಂದರಿನ ಬಳಿ ಒಂದು ಸಾಗಣೆ ಆಫೀಸಿನಲ್ಲಿ ಮೇನೇಜರು, ಊರವರು ಕಟ್ಟಿಕೊಂಡ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ದ್ವೀಪದಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದ ಕಥೆ ಕೇಳಿ ಗೊತ್ತಿಲ್ಲ, ಮಕ್ಕಳ ಪುಸ್ತಕ ಬರೆದವರು ನೀವೇ ಬಂದು ಎರಡು ವಾರ ಶಾಲೆ ಶಾಲೆಗೆ ಹೋಗಿ ಹೇಳಬೇಕು ಎಂದು ಹಟ ಹಿಡಿದು ಅವರನ್ನು ಕರೆಸಿಕೊಂಡಿದ್ದ. ಮಾಸ್ಟ್ರಿಗೂ ಬರುವ ಮನಸ್ಸಿತ್ತು. ಹನ್ನೊಂದು ಪುಸ್ತಕ ಬರೆದವರು ಅವರು. ಹನ್ನೊಂದನೆಯದು ಅಚ್ಚಾಗಿ ಏಳು ವರ್ಷವಾಗಿತ್ತು. ಆಮೇಲೆ ಒಂದು ಕಥೆಯೂ ಹುಟ್ಟಿರಲಿಲ್ಲ. ಹೊಸ ಮಕ್ಕಳ ಮುಖ ನೋಡಿದರೆ ಏನಾದರೂ ಹೊಳೆದೀತು ಎಂಬ ಆಸೆ ಅವರೊಳಗೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಬಂದ ಐದು ದಿನದಲ್ಲಿ ಮೂರು ಶಾಲೆ ಆಗಿತ್ತು. ಒಂದೊಂದು ಶಾಲೆಯೂ ನಮ್ಮ ಮೂರು ಗ್ರಾಮದ ಮಕ್ಕಳು ಹಿಡಿಯುವಷ್ಟು ದೊಡ್ಡದು. ಕನ್ನಡದ ಮನೆಗಳ ಮಕ್ಕಳನ್ನು ಹುಡುಕಿ ಹುಡುಕಿ ತಂದು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ಮಾಸ್ಟ್ರು ತಮ್ಮ ಏಡಿಯ ಕಥೆ ಹೇಳುತ್ತಿದ್ದರು. ಮಕ್ಕಳು ಶಿಸ್ತಾಗಿ ಕೇಳಿ, ಶಿಸ್ತಾಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದವು. ಒಬ್ಬನಂತೂ ಎದ್ದು ನಿಂತು, "ಸರ್, ನೀವು ಬದುಕಿದ್ದೀರಲ್ಲ! ಪುಸ್ತಕ ಬರೆದವರೆಲ್ಲ ಸತ್ತವರು ಅಂದ್ಕೊಂಡಿದ್ದೆ," ಎಂದಿದ್ದ. ಮಾಸ್ಟ್ರು ಎಲ್ಲರ ಜೊತೆ ನಕ್ಕರು. ಆ ಮಾತು ಮಾತ್ರ ಊಟದ ಹೊತ್ತಿಗೂ ಹೋಗಲಿಲ್ಲ, ಮಲಗುವಾಗಲೂ ಹೋಗಲಿಲ್ಲ.

ಆ ಮಂಗಳವಾರ ಸಂಜೆ ಸಂಘದ್ದೇ ಕನ್ನಡ ತರಗತಿ. ಮನಾಮಾದ ಸೂಕ್ ಎಂಬ ಹಳೆ ಪೇಟೆಯ ಗಲ್ಲಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಇವು ಶಾಲೆಯ ಮಕ್ಕಳ ಹಾಗಲ್ಲ, ಕನ್ನಡ ಬರೆಯಲು ಬರುತ್ತಿತ್ತು. ಮಾಸ್ಟ್ರಿಗೆ ಉಮೇದು ಬಂತು.

"ನಿಮ್ಮ ಮನೆಯಲ್ಲಿ ಒಂದು ಪ್ರಾಣಿ ಉಂಟು ಅಂತ ತಿಳ್ಕೊಳ್ಳಿ. ಯಾವ ಪ್ರಾಣಿಯೂ ಆದೀತು. ಅದು ಎಲ್ಲಿ ಮಲಗ್ತದೆ, ಎಂತ ತಿಂತದೆ, ಯಾರಿಗೆ ಹೆದರ್ತದೆ, ಬರೀರಿ ನೋಡುವ."

ಅರ್ಧ ಗಂಟೆಯಲ್ಲಿ ನಾಯಿ, ಬೆಕ್ಕು, ಮೀನಿನ ತೊಟ್ಟಿ, ಎರಡು ಡೈನೋಸಾರು ಕೈಗೆ ಬಂದವು. ಕೊನೆಗೆ ಗೋಡೆ ಬದಿಯಲ್ಲಿ ಕೂತಿದ್ದ, ಎರಡು ಜಡೆಯ ಸಣಕಲು ಹುಡುಗಿಯೊಬ್ಬಳು ತನ್ನ ಹಾಳೆ ತಂದು ಕೊಟ್ಟಳು. ಹತ್ತು ವರ್ಷ ಇದ್ದೀತು. ಮಾಸ್ಟ್ರು ಓದಿದರು.

'ನಮ್ಮ ಅಡುಗೆಮನೆಯಲ್ಲಿ ಒಂದು ಕರಡಿ ಉಂಟು. ಕರಡಿ ಮೊದಲು ಕ್ರೇನ್ ಬಿಡುತ್ತಿತ್ತು. ಅದರ ಎಡಗೈ ಕಿರುಬೆರಳು ಅರ್ಧವೇ ಉಂಟು, ಮತ್ತರ್ಧ ಸರಪಳಿ ತಿಂದಿತು. ಕರಡಿಗೆ ಕಿಟಕಿ ಹತ್ತಿರ ಹೋಗಲಿಕ್ಕೆ ಇಲ್ಲ. ಬೆಲ್ ಆದರೆ ಅದು ಕಪಾಟಿನ ಹಿಂದೆ ನಿಂತು ಮೂಗು ಹಿಡಿದುಕೊಳ್ಳುತ್ತದೆ, ಯಾಕೆಂದರೆ ಅದಕ್ಕೆ ಸೀನು ಜಾಸ್ತಿ. ಕರಡಿ ಒಳ್ಳೆ ಸಾನ್ನಾ ಮಾಡುತ್ತದೆ, ಇಡ್ಲಿಗಿಂತ ಮೆತ್ತಗೆ. ಕರಡಿಯ ಅಮ್ಮ ಸತ್ತು ಹೋದದ್ದು ನೆನಪಾದರೆ ಅದು ನಲ್ಲಿ ಬಿಟ್ಟು ಅಳುತ್ತದೆ, ಪಕ್ಕದ ಮನೆಯವರಿಗೆ ಕೇಳಬಾರದು ಅಂತ. ನಾನು ಶಾಲೆಯಿಂದ ಬಂದು ಹೊರಗೆ ಏನೆಲ್ಲ ಉಂಟು ಅಂತ ಅದಕ್ಕೆ ಹೇಳುತ್ತೇನೆ. ಇವತ್ತು ಸಮುದ್ರ ಯಾವ ಬಣ್ಣ ಅಂತ ಅದು ದಿನಾ ಕೇಳುತ್ತದೆ. ನಾನು ಕೆಲವು ಸಲ ಸುಳ್ಳು ಹೇಳುತ್ತೇನೆ, ಯಾಕೆಂದರೆ ನಮ್ಮ ಬಸ್ಸು ಸಮುದ್ರದ ಬದಿಯಲ್ಲಿ ಹೋಗುವುದಿಲ್ಲ.'

ಮಾಸ್ಟ್ರು ಎರಡನೇ ಸಲ ಓದಿದರು. ಕೆಳಗಿನ ಮೆಷಿನ್ನಿನ ಸದ್ದು ಅವರಿಗೆ ಕೇಳದೆ ಹೋಯಿತು. ಹನ್ನೊಂದು ಪುಸ್ತಕದಲ್ಲಿ ಇಂಥ ಒಂದು ಸಾಲು ತಮ್ಮ ಕೈಯಿಂದ ಬಂದಿಲ್ಲ ಎಂದು ಅವರಿಗೆ ತಟ್ಟನೆ ಗೊತ್ತಾಯಿತು.

ಹಾಳೆಯ ಮೇಲ್ಗಡೆ 'ಗ್ಲೆನಿಟಾ' ಎಂದಷ್ಟೇ ಇತ್ತು. ಶಾಲೆಯಲ್ಲಿ ಮಾಸ್ಟ್ರದ್ದು ಒಂದು ಕಟ್ಟುನಿಟ್ಟು ಇತ್ತು. ಒಂದೇ ಕ್ಲಾಸಿನಲ್ಲಿ ನಾಲ್ಕು ಸುರೇಶ, ಮೂರು ಲವೀನಾ ಇರುತ್ತಿದ್ದ ಕಾಲದಲ್ಲಿ ಶುರುವಾದದ್ದು. ಕಾಗದದ ತಲೆಯಲ್ಲಿ ಹೆಸರು, ಅದರ ಕೆಳಗೆ ಅಪ್ಪನ ಹೆಸರು, ಅದರ ಕೆಳಗೆ ಊರು. ಇಷ್ಟಿಲ್ಲದ ಕಾಗದವನ್ನು ಅವರು ತಿದ್ದುತ್ತಿರಲಿಲ್ಲ.

"ಅಪ್ಪನ ಹೆಸರೆಲ್ಲಿ?"

ಹುಡುಗಿ ಪೆನ್ಸಿಲಿನ ತುದಿ ಕಚ್ಚಿದಳು. "ಅಪ್ಪ ಊರಿಗೆ ಹೋಗಿ ಎರಡು ವರ್ಷ ಆಯ್ತು ಸರ್," ಎಂದಳು, ಮಗ್ಗಿ ಒಪ್ಪಿಸಿದ ಹಾಗೆ.

"ಊರಿಗೆ ಹೋದ್ರೆ ಹೆಸರು ಹೋಗ್ತದಾ? ಬರಿ. ಅಪ್ಪನ ಹೆಸರಿಲ್ಲದ ಕಾಗದ ನಾನು ಮುಟ್ಟುವುದಿಲ್ಲ."

ಮಾಸ್ಟ್ರು ಗದರಿ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಅವಳು ಬಗ್ಗಿ ಸಣ್ಣ ಅಕ್ಷರದಲ್ಲಿ 'ಸಿಡ್ನಿ' ಎಂದು ಬರೆದಳು. ಅದರ ಕೆಳಗೆ 'ಪಲಿಮಾರು'. ಕೊಡುವ ಮೊದಲು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಸರ್, ಇದು ನೀವೊಬ್ರೇ ಓದ್ಬೇಕು. ಬೇರೆ ಯಾರಿಗೂ ತೋರಿಸ್ಲಿಕ್ಕಿಲ್ಲ."

"ಆಯ್ತು ಮಗಾ. ನಾನೊಬ್ಬನೇ."

"ಪ್ರಾಮಿಸ್?"

"ಪ್ರಾಮಿಸ್."

ಊರಿನಲ್ಲಿರುವ ಅಪ್ಪನ ನೆನಪಾಗಿ ಬರೆದದ್ದು, ಪಾಪ, ಎಂದುಕೊಂಡು ಅವರು ಹಾಳೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಮೂರು ದಿನವೂ ಅದು ಅಲ್ಲೇ ಇತ್ತು. ಅಂಗಿ ಬದಲಾಯಿಸುವಾಗ ಹಾಳೆಯೂ ಹೊಸ ಜೇಬಿಗೆ ಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ತೆಗೆದು ಓದುತ್ತಿದ್ದರು. ಇದನ್ನು ಹಿಡಿದು ಬೆಳೆಸಿದರೆ ಒಂದು ಪುಸ್ತಕ ಆದೀತು, ಹನ್ನೆರಡನೆಯದು ಎಂಬ ಲೆಕ್ಕವೂ ಒಳಗೆ ಶುರುವಾಗಿತ್ತು.

ಶುಕ್ರವಾರ ಸಂಜೆ ಸಂಘದ ವಾರ್ಷಿಕೋತ್ಸವ. ಬಾಡಿಗೆ ಹಾಲಿನಲ್ಲಿ ನಾನ್ನೂರು ಜನ. ಮುಖ್ಯ ಅತಿಥಿ ಲಾನ್ಸೆಲೊಟ್ ಎಂಬ ದೊಡ್ಡ ಕುಳ. ಹಿದ್‌ನಲ್ಲಿ ಕ್ರೇನು, ಟ್ರೇಲರುಗಳ ಕಂಪನಿ ಇಟ್ಟವರು. ಹಾಲಿನ ಬಾಡಿಗೆಯೂ ಅವರದ್ದೇ, ಬಿರಿಯಾನಿಯೂ ಅವರದ್ದೇ. ಬಿಳಿ ಸಫಾರಿ ತೊಟ್ಟು, ಕೈಮುಗಿದವರಿಗೆಲ್ಲ ಕೈಮುಗಿಯುತ್ತ, ಮುಂದಿನ ಸಾಲಿನ ಸೋಫಾದಲ್ಲಿ ಕೂತಿದ್ದರು.

ಮಾಸ್ಟ್ರ ಸರದಿ ಬರುವಾಗ ಹೊತ್ತು ಮೀರಿತ್ತು. ಏಳು ಡ್ಯಾನ್ಸು, ನಾಲ್ಕು ಭಾಷಣ, ಸನ್ಮಾನ ಎಲ್ಲ ಆಗಿ ಜನ ಬಿರಿಯಾನಿಯ ವಾಸನೆಗೆ ಮೂಗು ತಿರುಗಿಸಿ ಕೂತಿದ್ದರು. ಅವರು ಏಡಿಯ ಕಥೆ ಎತ್ತಿಕೊಂಡರು. ಏಡಿ ನೀರಿಗೆ ಇಳಿಯುವ ಮೊದಲೇ ಹಿಂದಿನ ಎರಡು ಸಾಲು ಎದ್ದು ಹೋಯಿತು. ಯಾರೋ ಫೋನಿನಲ್ಲಿ ಕ್ರಿಕೆಟ್ ಹಾಕಿದ್ದರು. ಮಾಸ್ಟ್ರಿಗೆ ಆ ಹುಡುಗನ ಮಾತು ನೆನಪಾಯಿತು, ಪುಸ್ತಕ ಬರೆದವರೆಲ್ಲ ಸತ್ತವರು ಅಂದದ್ದು. ಏಡಿಯನ್ನು ಅರ್ಧ ದಾರಿಯಲ್ಲೇ ಬಿಟ್ಟು, ಅವರು ಜೇಬಿಗೆ ಕೈ ಹಾಕಿದರು.

"ಈಗ ನಿಮ್ಮದೇ ಒಂದು ಮಗು ಬರೆದ ಕಥೆ ಓದುತ್ತೇನೆ. ನನ್ನ ಹನ್ನೊಂದು ಪುಸ್ತಕ ಈ ಒಂದು ಹಾಳೆಗೆ ಸಮ ಅಲ್ಲ."

ಆಮೇಲೆ ರೂಢಿ ಬಿಡದೆ, ಮೇಲಿನಿಂದಲೇ ಓದಿದರು. "ಹೆಸರು ಗ್ಲೆನಿಟಾ. ತಂದೆ ಸಿಡ್ನಿ. ಊರು ಪಲಿಮಾರು."

ಎಡಗಡೆ ಮಧ್ಯದ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಮಾಸ್ಟ್ರು ನೋಡಲಿಲ್ಲ. ಕ್ರೇನ್ ಬಿಡುತ್ತಿದ್ದ ಕರಡಿ ಎಂದಾಗ ಜನ ತಲೆ ಎತ್ತಿದರು. ಮೂಗು ಹಿಡಿದುಕೊಳ್ಳುತ್ತದೆ ಎಂದಾಗ ಇಡೀ ಹಾಲು ನಕ್ಕಿತು. ಎದ್ದು ಹೋದವರು ಬಾಗಿಲಲ್ಲಿ ಪ್ಲೇಟು ಹಿಡಿದುಕೊಂಡೇ ನಿಂತರು. ನಲ್ಲಿ ಬಿಟ್ಟು ಅಳುವ ಸಾಲಿಗೆ ಹೆಂಗಸರ ಕಡೆಯಿಂದ ಅಯ್ಯೋ ಎಂಬ ಉಸಿರು ಬಂತು. ಮುಗಿದಾಗ ಬಿದ್ದ ಚಪ್ಪಾಳೆಯನ್ನು ಮಾಸ್ಟ್ರು ಕಣ್ಣು ಮುಚ್ಚಿ ಕೇಳಿದರು. ಏಳು ವರ್ಷದ ಮೇಲೆ ಕೇಳಿದ ಚಪ್ಪಾಳೆ ಅದು.

ಹುಡುಗಿಯನ್ನು ವೇದಿಕೆಗೆ ಕರೆದರು. ಅವಳು ಬರಲಿಲ್ಲ. ಪಕ್ಕದವರು ಎಬ್ಬಿಸಿ, ದೂಡಿ, ಅಂತೂ ಮೆಟ್ಟಿಲು ಹತ್ತಿಸಿದರು. ಬಹುಮಾನ ಕೊಡಲು ಲಾನ್ಸೆಲೊಟ್ ಎದ್ದು ಬಂದರು. ಅವರು ನಗುತ್ತಿರಲಿಲ್ಲ, ಆದರೆ ಮೈಕ್ ಹಿಡಿದಾಗ ಸ್ವರ ಸಕ್ಕರೆಯಾಗಿತ್ತು.

"ಒಳ್ಳೆ ಕಥೆ. ನನಗೆ ಭಾರಿ ಖುಷಿ ಆಯ್ತು. ನಮ್ಮ ಕಂಪನಿಯಲ್ಲೂ ಹೀಗೇ ಒಂದು ಕರಡಿ ಇತ್ತು ಮಾರಾಯ್ರೇ. ಅರ್ಧ ಬೆರಳಿನದ್ದೇ. ಕ್ರೇನನ್ನು ಜೆಟ್ಟಿಯಲ್ಲಿ ಬಿಟ್ಟು ಓಡಿಹೋಯ್ತು. ಊರಿಗೆ ಹೋಗಿದೆ ಅಂತ ಎಲ್ರೂ ನನಗೆ ಹೇಳಿದ್ರು."

ಜನ ಇನ್ನೊಮ್ಮೆ ನಕ್ಕರು. ಕೆಲವರು ನಗಲಿಲ್ಲ. ಲಾನ್ಸೆಲೊಟ್ ಬಗ್ಗಿ ಮೈಕನ್ನು ಹುಡುಗಿಯ ಬಾಯಿಗೆ ಹಿಡಿದರು.

"ಪುಟ್ಟೀ, ನಿಮ್ಮ ಮನೆ ಎಲ್ಲಿ?"

ದೊಡ್ಡವರು ಕೇಳಿದರೆ ಉತ್ತರ ಕೊಡಬೇಕು ಎಂದು ಕಲಿತ ಮಗು. "ಮನಾಮಾ," ಎಂದಳು. ಅಷ್ಟರಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳು, ಹುಡುಗಿಯ ಅಮ್ಮನೇ ಇರಬೇಕು, ವೇದಿಕೆಗೇ ಬಂದು, ಅವಳ ರಟ್ಟೆ ಹಿಡಿದು, ಬಹುಮಾನವನ್ನೂ ತೆಗೆದುಕೊಳ್ಳದೆ ಇಳಿಸಿಕೊಂಡು ಹೋದಳು. ಹೋಗುವಾಗ ಹುಡುಗಿ ಒಮ್ಮೆ ತಿರುಗಿ ಮಾಸ್ಟ್ರನ್ನು ನೋಡಿದಳು.

ಕಾರಿನಲ್ಲಿ ರಿಫಾದ ದಾರಿ ಅರ್ಧ ಆದ ಮೇಲೆ ವಸಂತಕುಮಾರ ಹೇಳಿದ.

"ಆ ಕಾಗದ ಓದುವ ಮೊದಲು ನನಗೊಂದು ಮಾತು ಹೇಳ್ಬಹುದಿತ್ತು ಮಾಸ್ಟ್ರೇ."

"ಎಂತ ಆಯ್ತು ಈಗ?"

"ಸಿಡ್ನಿ ಊರಿಗೆ ಹೋಗ್ಲಿಲ್ಲ. ಇಲ್ಲೇ ಇದ್ದಾನೆ. ಆ ಕರಡಿ ಅವನೇ."

ಮಾಸ್ಟ್ರು ಜೇಬನ್ನು ಮುಟ್ಟಿಕೊಂಡರು. ವಸಂತಕುಮಾರ ಒಂದೊಂದಾಗಿ ಹೇಳಿದ. ಸಿಡ್ನಿ ಲಾನ್ಸೆಲೊಟರ ಕಂಪನಿಯ ಕ್ರೇನ್ ಡ್ರೈವರ್. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ರಜೆ ಕೇಳಿದ. ಬಂದರಿನಲ್ಲಿ ಕೆಲಸ ಬಿದ್ದಿದೆ, ಹದಿನೈದು ದಿನ ಕಳೆದು ಹೋಗು ಎಂದರು. ಪಾಸ್‌ಪೋರ್ಟು ಅವರ ಕಪಾಟಿನಲ್ಲಿ. ತಾಯಿಯ ಮಣ್ಣಿಗೆ ಹೋಗಲಾಗದ ಮಗ ಆ ಮಧ್ಯಾಹ್ನ ಕ್ರೇನಿನಿಂದ ಇಳಿದು ನಡೆದುಬಿಟ್ಟ. ಅವರು ಓಡಿಹೋದವನೆಂದು ದೂರು ಕೊಟ್ಟರು. ಇಲ್ಲಿ ಇರುವ ಪರವಾನಗಿಯ ಕಾರ್ಡು ರದ್ದಾಯಿತು. ಅಂಥವರನ್ನು ಇಲ್ಲಿ ಖಲ್ಲಿವಲ್ಲಿ ಎನ್ನುತ್ತಾರೆ, ಕಾಗದ ಇಲ್ಲದೆ ಅಡಗಿ ಬದುಕುವವರು. ಹೆಂಡತಿ ತೆರೇಸಾಳಿಗೆ ಕ್ಲಿನಿಕ್ಕಿನಲ್ಲಿ ಕೆಲಸ, ಅವಳದ್ದೂ ಮಗಳದ್ದೂ ವೀಸಾ ಬೇರೆ. ಹಾಗಾಗಿ ಅವರ ಬಾಡಿಗೆ ಮನೆಯ ಒಳಗೇ ಎರಡು ವರ್ಷ ದಾಟಿಸಿದ್ದ.

"ನಿನಗೆ ಗೊತ್ತಿತ್ತಾ?"

"ಅರ್ಧ ಸಂಘಕ್ಕೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದೆವು. ಕ್ರಿಸ್ಮಸ್‌ಗೆ ಅವನ ಕೈಯ ಸಾನ್ನಾ ತಿಂದವರೇ ಎಲ್ಲ. ತೆರೇಸಾ ಮಾಡಿದ್ದು ಅಂತ ಹೇಳಿ ತಿಂತಿದ್ದೆವು."

ಶನಿವಾರ ಇಡೀ ದಿನ ಫೋನು. ಸಿಡ್ನಿಯನ್ನು ಬೇರೆ ಕಡೆ ಸಾಗಿಸಬೇಕು, ಯಾರ ಮನೆಗೆ? ಒಬ್ಬರ ಮನೆಗೆ ಅತ್ತೆ ಬರುವವರಿದ್ದರು, ಇನ್ನೊಬ್ಬರ ಕಟ್ಟಡಕ್ಕೆ ಹೊಸ ವಾಚ್‌ಮನ್. ಫೋನು ಕೆಳಗಿಟ್ಟ ವಸಂತಕುಮಾರನಿಗೆ ಮಾಸ್ಟ್ರು ಹೇಳಿದರು.

"ಇಲ್ಲೊಂದು ಕೋಣೆ ಉಂಟಲ್ಲ ವಸಂತಾ. ನಾನು ಮಲಗುವುದು. ನಾನು ಹೊರಗೆ ಸೋಫಾದಲ್ಲಿ ಮಲಗ್ತೇನೆ."

ಆಶಾಲತಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ವಸಂತಕುಮಾರ ಗೋಡೆ ನೋಡಿದ.

"ನಮ್ಮ ಆಫೀಸಿನ ಅರ್ಧ ಕೆಲಸ ಲಾನ್ಸೆಲೊಟರ ಕಂಪನಿಯದ್ದು ಮಾಸ್ಟ್ರೇ. ಮತ್ತೆ ನಮಗೂ ಎರಡು ಮಕ್ಕಳುಂಟು. ನೀವು ಬುಧವಾರ ವಿಮಾನ ಹತ್ತುತ್ತೀರಿ. ನಾವು ಇಲ್ಲಿ ಇರ್ಬೇಕು."

ಆದಿತ್ಯವಾರ ಇಲ್ಲಿ ರಜೆಯಲ್ಲ. ಬೆಳಿಗ್ಗೆ, ತೆರೇಸಾ ಕೆಲಸಕ್ಕೂ ಮಗಳು ಶಾಲೆಗೂ ಹೋದ ಮೇಲೆ, ನಾಲ್ಕು ಜನ ಪೊಲೀಸರು ಬಂದು ಸಿಡ್ನಿಯನ್ನು ಕರೆದುಕೊಂಡು ಹೋದರು. ಕೆಳಗಿನ ಅಂಗಡಿಯ ಮಲಯಾಳಿ ನೋಡಿದನಂತೆ. ಕೈಗೆ ಹಿಟ್ಟು ಮೆತ್ತಿತ್ತಂತೆ, ತೊಳೆದುಕೊಂಡು ಬರುತ್ತೇನೆ ಎಂದು ಹಿಂದಿಯಲ್ಲಿ ಕೇಳಿಕೊಂಡನಂತೆ. ಗಲಾಟೆ ಏನೂ ಮಾಡಲಿಲ್ಲವಂತೆ.

ಸೋಮವಾರ ಮಾಸ್ಟ್ರು ಹಟ ಹಿಡಿದು ಹಿದ್‌ಗೆ ಹೋದರು. ವಸಂತಕುಮಾರ ಅವರನ್ನು ಗೇಟಿನ ಹೊರಗೆ ಇಳಿಸಿ, ತಾನು ಬರುವುದಿಲ್ಲ ಎಂದ. ಕಂಪನಿಯ ಅಂಗಳದಲ್ಲಿ ಹಳದಿ ಕ್ರೇನುಗಳು ಕತ್ತು ಮಡಚಿ ಸಾಲಾಗಿ ನಿಂತಿದ್ದವು. ಲಾನ್ಸೆಲೊಟ್ ಎದ್ದು ನಿಂತು ಬರಮಾಡಿಕೊಂಡರು, ಚಾ ತರಿಸಿದರು, ಶಿರ್ವದ ಮಲ್ಲಿಗೆಗೆ ಈಗ ರೇಟು ಹೇಗುಂಟು ಎಂದು ವಿಚಾರಿಸಿದರು. ಮಾಸ್ಟ್ರು ಕೊಂಕಣಿಯಲ್ಲೇ ಬೇಡಿದರು. ತಾಯಿ ಸತ್ತ ಸಂಕಟದಲ್ಲಿ ಮಾಡಿದ್ದು, ದೂರು ಹಿಂದೆಗೆದರೆ ಆ ಮಗುವಿಗೆ ಅಪ್ಪ ಉಳಿಯುತ್ತಾನೆ, ನೀವೂ ನಮ್ಮ ಕಡೆಯವರೇ.

ಲಾನ್ಸೆಲೊಟ್ ಚಾದ ಲೋಟ ತಿರುಗಿಸುತ್ತ ಕೇಳಿದರು.

"ಸರ್, ನಿಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಹೇಳದೆ ಕೇಳದೆ ಎದ್ದು ಹೋದ್ರೆ, ಉಳಿದವರ ಎದುರು ನೀವು ಎಂತ ಮಾಡ್ತೀರಿ?"

"ಅವನ ಮನೆಗೆ ಹೋಗಿ ಯಾಕೆ ಅಂತ ಕೇಳ್ತೇನೆ."

"ನನ್ನ ಹತ್ರ ನೂರೈವತ್ತು ಜನ ಉಂಟು. ಎಲ್ರದ್ದೂ ಒಂದೊಂದು ತಾಯಿ ಇರ್ತದೆ." ಅವರು ಸಿಟ್ಟಾಗಿರಲಿಲ್ಲ. "ಮತ್ತೆ ಒಂದು ಮಾತು. ನಾನು ಎರಡು ವರ್ಷ ಅವನನ್ನು ಹುಡುಕ್ಲಿಕ್ಕೆ ಹೋಗ್ಲಿಲ್ಲ. ಊರಿಗೆ ಹೋಗಿದ್ದಾನೆ ಅಂದ್ರು, ಬಿಟ್ಟೆ. ನಾನ್ನೂರು ಜನರ ಎದುರು ನೀವೇ ಹೆಸರು, ಊರು ಎಲ್ಲ ಹೇಳಿ ತಂದು ಕೊಟ್ರಿ. ಕೇಳಿಯೂ ಸುಮ್ಮನೆ ಕೂತ್ರೆ ನಾಳೆ ನನ್ನ ಯಾರ್ಡಿನಲ್ಲಿ ಯಾರು ನಿಲ್ತಾರೆ? ಚಾ ಕುಡೀರಿ, ತಣಿತದೆ."

ಮಾಸ್ಟ್ರು ಚಾ ಕುಡಿಯಲಿಲ್ಲ. ಹೊರಗೆ ಬಂದಾಗ ಗಾಳಿ ನಿಂತಿತ್ತು. ಸಮುದ್ರ ಹತ್ತಿರದಲ್ಲೇ ಇದ್ದಿರಬೇಕು, ಉಪ್ಪಿನ ವಾಸನೆ ಬರುತ್ತಿತ್ತು, ಗೋಡೆಗಳಿಂದಾಗಿ ಕಾಣುತ್ತಿರಲಿಲ್ಲ.

ಮಂಗಳವಾರ ನಾಲ್ಕನೇ ಶಾಲೆ. ಒಪ್ಪಿಕೊಂಡದ್ದು, ಹೋಗದೆ ಇರಲಾಗಲಿಲ್ಲ. ಏಡಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮಕ್ಕಳು ನಕ್ಕರು. ನಾವೂ ಬರೆಯಬೇಕಾ ಸರ್, ಎಂದು ಒಬ್ಬಳು ಕೇಳಿದಳು. ಬೇಡ ಮಗಾ, ಇವತ್ತು ಬೇಡ ಎಂದರು.

ಅಲ್ಲಿಂದ ನೇರ ಮನಾಮಾಕ್ಕೆ ಬಿಡು ಎಂದಾಗ ವಸಂತಕುಮಾರ ಕಾರು ತಿರುಗಿಸಿದ. ಹಳೆ ಕಟ್ಟಡ, ನಾಲ್ಕನೇ ಮಾಳಿಗೆ, ಲಿಫ್ಟು ಕೆಟ್ಟಿತ್ತು. ಕೆಳಗೆ ಕಾರಿನಲ್ಲೇ ಇರುತ್ತೇನೆ ಎಂದ. ಮಾಸ್ಟ್ರು ಒಬ್ಬರೇ ಹತ್ತಿದರು.

ತೆರೇಸಾ ಬಾಗಿಲು ತೆರೆದಳು. ಕ್ಲಿನಿಕ್ಕಿನ ಬಟ್ಟೆಯಲ್ಲೇ ಇದ್ದಳು. ಬನ್ನಿ ಎನ್ನಲಿಲ್ಲ, ಬದಿಗೆ ಸರಿದು ನಿಂತಳು. ಒಂದು ಕೋಣೆ, ಅದಕ್ಕೆ ಹೊಂದಿದ ಅಡುಗೆಮನೆ. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಉಕ್ಕಿ, ಕಟ್ಟೆಯ ಮೇಲೆಲ್ಲ ಇಳಿದು ಒಣಗಿತ್ತು. ಆದಿತ್ಯವಾರದ್ದು. ಯಾರೂ ಅದನ್ನು ಮುಟ್ಟಿರಲಿಲ್ಲ. ಗ್ಲೆನಿಟಾ ನೆಲದಲ್ಲಿ ಕೂತು ಲೆಕ್ಕದ ಪುಸ್ತಕ ತೆರೆದುಕೊಂಡಿದ್ದಳು. ತಲೆ ಎತ್ತಲಿಲ್ಲ.

"ನಾನು ಅವರನ್ನು ನೋಡ್ಲಿಕ್ಕೆ ಹೋದ್ರೆ ನನ್ನನ್ನೂ ಕೇಳ್ತಾರೆ, ಎರಡು ವರ್ಷ ಯಾಕೆ ಇಟ್ಕೊಂಡೆ ಅಂತ," ತೆರೇಸಾ ಕೊಂಕಣಿಯಲ್ಲಿ ಹೇಳಿದಳು. "ಕೆಲಸ ಹೋದ್ರೆ ಇವಳ ಶಾಲೆ ಹೋಯ್ತು. ಅವರಿಗೆ ಫೋನು ಮಾಡ್ಲಿಕ್ಕೆ ಬಿಟ್ರು ನಿನ್ನೆ, ಎರಡು ನಿಮಿಷ. ಒಂದು ವಾರದಲ್ಲಿ ಕಳಿಸ್ತಾರಂತೆ. ಮತ್ತೆ ಈ ದೇಶಕ್ಕೆ ಬರ್ಲಿಕ್ಕಿಲ್ಲ."

"ತೆರೇಸಾ ಬಾಯಿ, ನನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ, ಸರಿ." ಅವಳು ಗೋಡೆಗೆ ಒರಗಿದಳು. "ನನಗೆ ನಿಮ್ಮ ಮೇಲೆ ಕೂಗಾಡ್ಲಿಕ್ಕೆ ತ್ರಾಣ ಇಲ್ಲ ಸರ್. ಅಷ್ಟಕ್ಕೂ ನನ್ನದೂ ತಪ್ಪುಂಟು. ಇವಳಿಗೆ ಬಾಯಿ ಬಿಡ್ಬೇಡ ಅಂತ ಕಲಿಸಿದ್ದೆ. ಬರೀಬೇಡ ಅಂತ ಕಲಿಸ್ಲಿಲ್ಲ."

ಮಾಸ್ಟ್ರು ಮಂಡಿಗೆ ಕೈ ಊರಿ, ಕಷ್ಟಪಟ್ಟು ಹುಡುಗಿಯ ಎದುರು ನೆಲದಲ್ಲಿ ಕೂತರು. ಜೇಬಿನಿಂದ ಹಾಳೆ ತೆಗೆದು ಅವಳ ಪುಸ್ತಕದ ಬದಿಯಲ್ಲಿ ಇಟ್ಟರು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

"ನೀವು ಪ್ರಾಮಿಸ್ ಮಾಡಿದ್ರಿ."

"ಹೌದು. ಮಾಡಿದ್ದೆ."

"ಮತ್ತೆ ಯಾಕೆ ಓದಿದ್ರಿ?"

ಮಕ್ಕಳಿಗೆ ಹೇಳಲು ಅವರ ಹತ್ತಿರ ಯಾವಾಗಲೂ ಏನಾದರೂ ಇರುತ್ತಿತ್ತು. ಕಥೆ ಅಷ್ಟು ಚೆನ್ನಾಗಿತ್ತು ಮಗಾ, ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಅದನ್ನು ಅವರು ನುಂಗಿದರು.

"ಯಾರೂ ನನ್ನ ಕಥೆ ಕೇಳ್ತಿರ್ಲಿಲ್ಲ. ನನಗೆ ಚಪ್ಪಾಳೆ ಬೇಕಿತ್ತು. ನಿನ್ನದು ಓದಿದ್ರೆ ಸಿಗ್ತದೆ ಅಂತ ಗೊತ್ತಿತ್ತು. ಅದಕ್ಕೆ ಓದಿದೆ."

ಹುಡುಗಿ ಮೊದಲ ಸಲ ಅವರ ಮುಖವನ್ನು ನೋಡಿದಳು. ಸಿಟ್ಟೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ತಪ್ಪಾಗಿ ಬಂದ ಉತ್ತರವನ್ನು ಎಲ್ಲಿ ತಪ್ಪಿತು ಎಂದು ನೋಡುವ ಹಾಗೆ ನೋಡಿದಳು. "ಓಕೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ಪೆನ್ಸಿಲ್ ಎತ್ತಿಕೊಂಡು, ಬಿಟ್ಟ ಲೆಕ್ಕವನ್ನು ಮುಂದುವರಿಸಿದಳು.

ತೆರೇಸಾ ಮಂಚದ ಅಡಿಯಿಂದ ಒಂದು ಕಂದು ಸೂಟ್‌ಕೇಸು ಎಳೆದಳು.

"ನೀವು ನಾಳೆ ಹೋಗ್ತೀರಿ ಅಂತ ಕೇಳಿದೆ. ಅಲ್ಲಿಂದ ಕಳಿಸುವಾಗ ಒಂದು ಕೈಚೀಲ ಮಾತ್ರ ಬಿಡ್ತಾರಂತೆ. ಅವರ ಬಟ್ಟೆ, ಸ್ವೆಟರು, ಅಮ್ಮನ ಫೋಟೋ ಇದರಲ್ಲಿ ಉಂಟು. ಪಲಿಮಾರಿಗೆ ಮುಟ್ಟಿಸ್ತೀರಾ?"

"ನಾನೇ ಅವನ ಕೈಗೆ ಕೊಡ್ತೇನೆ. ಕೊಟ್ಟು, ನಡೆದದ್ದನ್ನು ಹೇಳ್ತೇನೆ."

"ಹೇಳ್ಲಿಕ್ಕೆ ಬೇಡ." ಅವಳು ಸ್ವರ ಇಳಿಸಿದಳು. "ಇವಳು ಬರೆದದ್ದರಿಂದ ಹೀಗಾಯ್ತು ಅಂತ ಅವರಿಗೆ ಗೊತ್ತಿಲ್ಲ. ಯಾರೋ ದೂರು ಕೊಟ್ರು ಅಂದಿದ್ದೇನೆ. ಗೊತ್ತಾದ್ರೆ ಅವರು ಇವಳಿಗೆ ಬೈಯುವವರಲ್ಲ, ಆದ್ರೆ ಇವಳು ಬದುಕಿಡೀ ಹೊರ್ಬೇಕು. ನಿಮಗೆ ಕ್ಷಮೆ ಕೇಳುವ ಆಸೆ ಇದ್ರೆ ಅದನ್ನು ನೀವೇ ಇಟ್ಕೊಳ್ಳಿ ಸರ್. ಬ್ಯಾಗು ಕೊಟ್ಟು ಬನ್ನಿ."

ಮಾಸ್ಟ್ರು ತಲೆಯಾಡಿಸಿದರು. ಸೂಟ್‌ಕೇಸು ಎತ್ತಿ ನೋಡಿದರು. ಹದಿನೆಂಟು ಕಿಲೋ ಇದ್ದೀತು. ಶಾಲೆಗಳು ಕೊಟ್ಟ ಫಲಕ, ಶಾಲು, ಹೆಂಡತಿಗೆಂದು ಕೊಂಡ ಖರ್ಜೂರ ಎಲ್ಲ ವಸಂತನ ಮನೆಯಲ್ಲೇ ಬಿಡಬೇಕಾದೀತು.

ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದರು. ಹುಡುಗಿ ಲೆಕ್ಕ ಮಾಡುತ್ತಲೇ ಇದ್ದಳು. ತೆರೇಸಾ ಅಡುಗೆಮನೆಗೆ ಹೋಗಿ, ಕಟ್ಟೆಯ ಮೇಲೆ ಒಣಗಿದ ಹಿಟ್ಟನ್ನು ಸೌಟಿನಿಂದ ಕೆರೆಯಲು ಶುರು ಮಾಡಿದ್ದಳು.

ನಾಲ್ಕು ಮಾಳಿಗೆ ಇಳಿಯುವಾಗ ಅವರು ಮೂರು ಕಡೆ ನಿಂತರು. ಕೆಳಗೆ ವಸಂತಕುಮಾರ ಓಡಿಬಂದು ಸೂಟ್‌ಕೇಸಿಗೆ ಕೈ ಹಾಕಿದ. ಮಾಸ್ಟ್ರು ಬಿಡಲಿಲ್ಲ, ತಾವೇ ಡಿಕ್ಕಿಯಲ್ಲಿಟ್ಟರು.

"ಎಂತ ಹೇಳಿದ್ರು ಮಾಸ್ಟ್ರೇ?"

"ಊರಿಗೆ ಒಂದು ಬ್ಯಾಗು ಕೊಟ್ಟಿದ್ದಾರೆ."

"ಬೈದ್ರಾ?"

"ಇಲ್ಲ."

ವಸಂತಕುಮಾರನಿಗೆ ಅರ್ಧ ಹಗುರಾಯಿತು. "ಹಾಗಾದ್ರೆ ಆಯ್ತಲ್ಲ, ಬಿಡಿ," ಎಂದು ಕಾರು ಶುರು ಮಾಡಿದ.

ಮಾಸ್ಟ್ರು ಬೆಲ್ಟು ಹಾಕಿಕೊಳ್ಳಲು ಹುಡುಕುತ್ತಿದ್ದರು. "ಆಗ್ಲಿಲ್ಲ ವಸಂತಾ," ಎಂದರು. "ಅದು ಆಗುವಂಥದ್ದಲ್ಲ. ನೀನು ನಡಿ."